ನೂಲಿಗೆ ಅಕ್ಷರ ಬಂದದ್ದು

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಡ್ರೈವರ್ ಗೇರು ಬದಲಿಸಿದರೆ ಒಂದು ಸ್ವರ ಮೇಲೆ, ಏರು ಬಂದರೆ ಒಂದು ಸ್ವರ ಕೆಳಗೆ, ಬೆರಳು ಒತ್ತಿದರೆ ಸುಮ್ಮನಾಗುತ್ತದೆ, ತೆಗೆದರೆ ಮತ್ತೆ ಶುರು — ಇದನ್ನು ಮೂರೇ ಡಬ್ಬಿಯಲ್ಲಿ ಮಾಡಬಹುದು, ಗದ್ದಲದ ಡಬ್ಬಿ, ಜರಡಿಯ ಡಬ್ಬಿ, ಕೊನೆಗೆ ಸ್ಪೀಕರಿನ ಡಬ್ಬಿ, ನಡುವೆ ನೂಲು ಎಳೆದರೆ ಆಯಿತು, ಎಂದುಕೊಂಡ ಸಾಯಿಮಾ ತನ್ನಷ್ಟಕ್ಕೆ ನಕ್ಕಳು, ಎಲ್ಲಿ ಕೂತರೂ ಇದೇ ಚಾಳಿ, ಮಿಕ್ಸರ್ ತಿರುಗಿದರೂ ಡಬ್ಬಿ, ಮೋಟಾರು ಗುರ್ರೆಂದರೂ ಡಬ್ಬಿ, ಅಮ್ಮಿ ಅನ್ನುತ್ತಾಳೆ ನಿನ್ನ ತಲಿಯಾಗ ಮಿದುಳ ಇಲ್ಲ ಬೇಟಾ, ಬರೇ ಡಬ್ಬಿ ಅದಾವ. ಕಿತ್ತೂರಿನಲ್ಲಿ ಹತ್ತಿದ ಬಸ್ಸು ಬೈಲಹೊಂಗಲ ದಾಟಿ ಮುನವಳ್ಳಿಯ ಕಡೆ ಹೊರಳಿದೆ, ಕಂಡಕ್ಟರ್ ಹೆಂಗಸರ ನಡುವೆ ನುಗ್ಗುತ್ತ ಆಧಾರ ತೋರಸ್ರಿ ಅಕ್ಕಾರ ಎಲ್ಲಿಗ್ರಿ, ಸವದತ್ತಿಗ್ರಿ, ಅಲ್ಲಿಂದ ರಾಮದುರ್ಗಕ್ಕ ಬಸ್ ಸಿಗತೈತೇನ್ರಿ, ಸಿಗತೈತ್ರಿ ಸಿಗಲಾರದ ಎಲ್ಲಿ ಹೋಗತೈತಿ — ಅವನ ಯಂತ್ರ ಕಿರ್ರ್ ಎಂದು ಚೀಟಿ ಉಗುಳಿತು, ಅದೂ ಒಂದು ಸದ್ದು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇದೆ, ಅದರೊಳಗೆ ನೂಲು ಇದೆ, ಅವಳೇ ಕಟ್ಟಿದ ತಂತ್ರಾಂಶ, ಕಿತ್ತೂರಿನ ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸಿ ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಕೂತು ಕಟ್ಟಿದ್ದು, ಪರದೆಯ ಮೇಲೆ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಎಳೆಗಳು, ಒಂದು ಡಬ್ಬಿ ಸದ್ದು ಹುಟ್ಟಿಸುತ್ತದೆ, ಒಂದು ಸೋಸುತ್ತದೆ, ಒಂದು ಹಿಗ್ಗಿಸುತ್ತದೆ, ಎಳೆ ಜೋಡಿಸಿದರೆ ಕೇಳಿಸುತ್ತದೆ, ಬಿಚ್ಚಿದರೆ ನಿಲ್ಲುತ್ತದೆ — ಹತ್ತಿ ಹಿಂಜುತ್ತಿದ್ದ ದಾವಲಸಾಬನ ಮಗಳು ಅದಕ್ಕೆ ಬೇರೆ ಏನು ಹೆಸರಿಟ್ಟಾಳು. ಬೇಗ ಹೋಗಬೇಕು. ನಿನ್ನೆ ಮೀನಾ ಫೋನು ಮಾಡಿದ್ದಳು, ರಾಮದುರ್ಗದ ಕಲ್ಮೇಶನ ಹೆಂಡತಿ, ದನಿ ತಗ್ಗಿಸಿ, ಗಂಡನಿಗೆ ಕೇಳಬಾರದೆಂದು ಅಂಗಳಕ್ಕೆ ಬಂದಿದ್ದಳೋ ಏನೋ, ಹಿಂದೆ ಮಗ್ಗದ ಸಪ್ಪಳ — ನಾಳಿ ಮಧ್ಯಾಹ್ನ ಮುದಕಪ್ಪನವರು ಬರತಾರ್ರಿ, ನಾಟಕ ಕಂಪನಿ ಮಾಲಕ್ರು, ಸ್ಪೀಕರ ಮಿಕ್ಸರ ಎಲ್ಲಾ ಒಯ್ರಿ ನನಗ ಇನ್ನ ಬ್ಯಾಡ ಅಂತ ಇವರ ಹೇಳ್ಯಾರ, ನೀವು ಬರ್ರಿ, ಇವರು ಬ್ಯಾಡ ಅಂತಾರ, ನೀವು ಬರ್ರಿ.

ಬಂದು ಏನು ಹೇಳುವುದು, ಕಲ್ಮೇಶಣ್ಣ ಇಗೋ ಅಕ್ಷರ ತಂದಿದ್ದೇನೆ ಎಂದೇ — ಅಕ್ಷರ ಬೇಡವೆಂದು ಇಷ್ಟು ವರ್ಷ ಹಟ ಹಿಡಿದವಳು ತಾನೇ ಅಲ್ಲವೆ. ನೂಲಿನ ಜಾಲತಾಣ ತೆರೆದರೆ ಮೊದಲ ಸಾಲು ಅದೇ, ಇದಕ್ಕೆ ಓದು ಬರಹ ಬೇಕಾಗಿಲ್ಲ. ಅದನ್ನು ಬರೆದ ದಿನ ಮನೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಅಮ್ಮಿ ಕಾಶಿಂಬಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದವಳು ಕೈ ಒರೆಸಿಕೊಂಡು ಬಂದು ಪರದೆ ನೋಡಿದಳು, ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಬಸ್ಸಿನ ಬೋರ್ಡನ್ನೂ ಯಾರಿಗಾದರೂ ಕೇಳಿಯೇ ಹತ್ತುವವಳು, ಇದರಾಗ ಬರದದ್ದು ಏನೂ ಇಲ್ಲಲಾ ಬೇಟಾ, ಇಲ್ಲ ಅಮ್ಮಿ, ಬರೇ ದಾರಾ, ಹಂಗಾರ ಸರಿ ಆಕಡೆ — ಮೌಸನ್ನು ಲಟ್ಟಣಿಗೆ ಹಿಡಿದಂತೆ ಹಿಡಿದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಎಳೆ ಎಳೆದಳು, ಸ್ಪೀಕರು ಊಂ ಎಂದಿತು, ಅಮ್ಮಿ ಬೆಚ್ಚಿ ಕೈ ತೆಗೆದಳು, ಮತ್ತೆ ಹಿಡಿದಳು, ಬಿಚ್ಚಿದಳು, ಇನ್ನೊಂದಕ್ಕೆ ಕಟ್ಟಿದಳು, ಅನ್ನಕ್ಕೆ ಇಟ್ಟ ಎಸರು ಬತ್ತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಎಲ್ಲೆಲ್ಲಿಂದಲೋ ಮಿಂಚಂಚೆ ಬರತೊಡಗಿತು, ಪೋಲೆಂಡಿನವನೊಬ್ಬ, ಚಿಲಿಯವಳೊಬ್ಬಳು, ನಿಮ್ಮ ನೂಲು ಚೆನ್ನಾಗಿದೆ, ಇದರೊಳಗೆ ಅಕ್ಷರದಲ್ಲಿ ಅಪ್ಪಣೆ ಬರೆಯುವ ಒಂದು ಸ್ಕ್ರಿಪ್ಟಿಂಗ್ ಭಾಷೆ ಸೇರಿಸಿ, ಎಷ್ಟೋ ಕೆಲಸ ಎಳೆದು ಎಳೆದು ಕೈ ಸೋಲುತ್ತದೆ, ಬರೆದು ಮುಗಿಸಬಹುದಲ್ಲ — ಇಲ್ಲ ಎಂದು ಬರೆದಳು, ವಿನಯದಿಂದ, ಪ್ರತಿ ಸಲವೂ ಇಲ್ಲ, ಬರೆಯುವವರಿಗೆ ಬೇರೆ ಜಾಗ ಬೇಕಾದಷ್ಟಿದೆ, ಇದು ನನ್ನ ತಾಯಿಯಂಥವರ ಜಾಗ. ಹಾಗೆ ಬರೆಯುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ಸಲ ಮಾತ್ರ ಅಂಚೆಯ ಕೆಳಗಿನ ಊರಿನ ಹೆಸರು ಎರಡೆರಡು ಸಲ ಓದಿದಳು, ರಾಮದುರ್ಗ, ನಾನು ನಾಟಕಕ್ಕೆ ಸಪ್ಪಳ ಮಾಡುವವ, ಹೊಳೆ ಬಂದದ್ದು ಕುದುರೆ ಓಡಿದ್ದು ಬಾಗಿಲು ಮುರಿದದ್ದು ಎಲ್ಲ ನಿಮ್ಮ ಡಬ್ಬಿಯಲ್ಲೇ ಮಾಡುತ್ತಿದ್ದೇನೆ — ಇಲ್ಲೇ, ಮಲಪ್ರಭೆಯ ದಂಡೆಗೆ, ಬಸ್ಸು ಹತ್ತಿದರೆ ಮುಟ್ಟುವಷ್ಟು ಹತ್ತಿರ, ತನ್ನನ್ನು ಬಿಟ್ಟು ಈ ಸೀಮೆಯಲ್ಲಿ ಇನ್ನೊಬ್ಬ ಹುಚ್ಚ.

ಆ ಅಂಚೆ ಬರೆದವನೇ ಕಲ್ಮೇಶ, ಮೋಟರ್‌ಸೈಕಲ್ಲಿನಲ್ಲಿ ಮೀನಾಳನ್ನು ಕೂರಿಸಿಕೊಂಡು ಕಿತ್ತೂರಿಗೆ ಬಂದಿದ್ದ, ಎತ್ತರದ ಆಳು, ಜೋರು ನಗು, ಚಹಾದ ಬಸಿಯನ್ನು ಉಗುರಿನಿಂದ ಬಡಿದು ನೋಡುತ್ತಿದ್ದ ಒಳ್ಳೆ ಸಪ್ಪಳ ಐತಿ ಎಂದು, ಅಮ್ಮಿಗೆ ಅವನು ಮೊದಲ ದಿನವೇ ಹಿಡಿಸಿಬಿಟ್ಟ. ಅವನು ನೂಲಿನಲ್ಲಿ ಕಟ್ಟಿದ ಚಿತ್ರಗಳು, ಅಬ್ಬ, ಪರದೆ ತುಂಬ ಡಬ್ಬಿ, ಎಳೆಗಳ ಜೇಡರ ಬಲೆ, ಅದರ ನಡುವಿನಿಂದ ತಗಡಿನ ಮೇಲೆ ಬೀಳುವ ಮಳೆ ಎದ್ದು ಬರುತ್ತಿತ್ತು, ಮುದಕಪ್ಪನ ಕಂಪನಿಯ ನಾಟಕದಲ್ಲಿ ಆ ಮಳೆ ಶುರುವಾದರೆ ಹಿಂದೆ ಕೂತ ಹೆಂಗಸರು ಸೆರಗು ತಲೆಗೆ ಹೊದ್ದುಕೊಳ್ಳುತ್ತಿದ್ದರಂತೆ. ಎರಡು ವರ್ಷ ಹೀಗೇ, ಫೋನು, ಜಗಳ, ಹೊಸ ಡಬ್ಬಿ ಮಾಡಿಕೊಡು, ಹಳೆಯದು ಸರಿ ಮಾಡು. ಆಮೇಲೆ ಆ ಫೋನು — ಸಾಯಿಮಾ, ನಿನ್ನ ಸಾಫ್ಟವೇರದಾಗ ಒಂದ ಬಗ್ ಐತಿ, ಅಂಚಿನಾಗಿನ ಡಬ್ಬಿ ಕಾಣವಲ್ಲವು, ನಡುವ ಇದ್ದದ್ದು ಇರತಾವ, ಅಂಚಿಗೆ ಒಯ್ದರ ಮಾಯ ಆಗತಾವ. ಅವಳು ಹುಡುಕಿದಳು, ಕೋಡಿನ ಸಾಲು ಸಾಲು ಬಿಚ್ಚಿ ಹುಡುಕಿದಳು, ಡಬ್ಬಿ ಬಿಡಿಸುವ ಜಾಗ, ಪರದೆ ಅಳೆಯುವ ಜಾಗ, ಎಲ್ಲ ಸರಿಯಿದೆ, ಅವನ ಚಿತ್ರವನ್ನೇ ತರಿಸಿ ತನ್ನ ಪರದೆಯಲ್ಲಿ ತೆರೆದಳು, ಅಂಚಿನ ಡಬ್ಬಿಗಳೆಲ್ಲ ಸಾಲಾಗಿ ಕೂತಿವೆ, ತಿರುಗಿ ಅವನಿಗೆ ಫೋನು ಮಾಡಿದಳು, ಕಲ್ಮೇಶಣ್ಣ, ಬಾಗಲದ ಚೌಕಟ್ಟಿಗೆ ಭುಜಾ ಬಡೀತೈತೇನು, ಹಾಂ ಬಡೀತೈತಿ, ಮೀನಾ ಅಂತಾಳ ಎಲ್ಲಿ ನೋಡಕೋತ ನಡೀತೀರಿ ಅಂತ, ಯಾಕ. ಡಾಕ್ಟರು ಕಾಚಬಿಂದು ಎಂದರು, ಗ್ಲಾಕೋಮಾ, ಹೋದ ನೋಟ ಬರುವುದಿಲ್ಲ ಎಂದರು, ಉಳಿದದ್ದಕ್ಕೆ ಔಷಧ ಕೊಟ್ಟರು, ಉಳಿದದ್ದೂ ನಿಲ್ಲಲಿಲ್ಲ, ಕೊಳವೆಯಷ್ಟಾಗಿ ಸೂಜಿಕಣ್ಣಷ್ಟಾಗಿ ಮುಚ್ಚಿಕೊಂಡಿತು. ಆದರೂ ಅವನು ಸೋತಿರಲಿಲ್ಲ ಆಗ, ಪರದೆ ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡ, ಕೀಲಿಮಣೆಯನ್ನು ಬೆರಳಿಗೆ ಕಲಿಸಿದ, ಅಂಚೆ ಓದಿಸಿ ಕೇಳಿದ, ಸುದ್ದಿ ಕೇಳಿದ, ಒಂದು ದಿನ ಹುರುಪಿನಿಂದ ನೂಲು ತೆರೆದ, ಅವತ್ತು ಅವಳೂ ಅಲ್ಲೇ ಇದ್ದಳು, ಪಕ್ಕದಲ್ಲೇ, ಪರದೆಯ ತುಂಬ ಅವನ ಮಳೆಯ ಡಬ್ಬಿಗಳು ಹರಡಿಕೊಂಡಿದ್ದವು, ಆ ದನಿ ಒಂದು ಕ್ಷಣ ತಡೆದು ಹೇಳಿತು, ಕಿಟಕಿ, ಖಾಲಿ. ಬಾಣದ ಕೀಲಿ ಒತ್ತಿದ, ಖಾಲಿ. ಮತ್ತೆ ಒತ್ತಿದ, ಖಾಲಿ. ಇಷ್ಟ ವರ್ಷ ಮಾಡಿದ್ದಕ್ಕ ಖಾಲಿ ಅಂತೈತಿ ನೋಡ ಎಂದು ನಕ್ಕ, ಲ್ಯಾಪ್‌ಟಾಪ್ ಮುಚ್ಚಿದ, ಆಮೇಲೆ ಅವಳ ಫೋನು ಎತ್ತಲಿಲ್ಲ.

ಹೊರಗೆ ಸೂರ್ಯಕಾಂತಿ, ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿವೆ, ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡುತ್ತಿಲ್ಲ, ಡ್ರೈವರ್ ಹಾರನ್ನು ಒತ್ತಿಯೇ ಇದ್ದಾನೆ. ಅವತ್ತು ರಾಮದುರ್ಗದಿಂದ ತಿರುಗಿ ಬಂದವಳು ಊಟಕ್ಕೆ ಕೂತು ಅಮ್ಮಿಗೆ ಹೇಳಿದಳು, ನೋಡುವವರಿಗೆ ಅಂತ ಮಾಡಿದ್ದು ನೋಡಲಾರದವರಿಗೆ ಗೋಡೆ ಆಗಿದೆ ಅಮ್ಮಿ, ಅಕ್ಷರ ಇಟ್ಟರೆ ಅವನಿಗೆ ಆಗುತ್ತದೆ, ಬರೆದದ್ದನ್ನು ಆ ದನಿ ಓದುತ್ತದೆ, ಅವನು ಬೆರಳಿನಿಂದ ಬರೆಯುತ್ತಾನೆ, ಆದರೆ — ಅಮ್ಮಿ ರೊಟ್ಟಿ ಮುರಿಯುತ್ತ ಕೇಳಿದಳು, ಕೇಳಿ ಅವಳಿಗೆ ಹೊಳೆದದ್ದು ಒಂದೇ, ನಂದು ಮುರೀಬ್ಯಾಡ ಮತ್ತ, ನನ್ನ ದಾರಾ ಹಂಗ ಇರ್ಲಿ, ಅವರಿಗೆ ಏನ ಬೇಕ ಅದ ಮಾಡು. ಅಷ್ಟೇ. ಅದೇ ಕಟ್ಟಳೆಯಾಯಿತು, ಡಬ್ಬಿ ಇರಬೇಕು, ಎಳೆ ಇರಬೇಕು, ಬರೆದದ್ದು ಡಬ್ಬಿಯಾಗಬೇಕು, ಡಬ್ಬಿ ಬರೆಹವಾಗಬೇಕು, ಎರಡೂ ಒಂದೇ ವಸ್ತುವಿನ ಎರಡು ಮಗ್ಗುಲು. ಹೊಸ ಭಾಷೆ ಕಟ್ಟುವ ಹುಚ್ಚಿಗೆ ಹೋಗಲಿಲ್ಲ ಪುಣ್ಯ, ಬ್ರೆಜಿಲಿನಲ್ಲಿ ಹುಟ್ಟಿದ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಇತ್ತು, ಹೆಸರಿನ ಅರ್ಥ ಚಂದ್ರ, ಯಾರ ಮನೆಯಲ್ಲಿಟ್ಟರೂ ಒಂದು ಮೂಲೆಯಲ್ಲಿ ಹೊಂದಿಕೊಂಡು ಹೋಗುವಂಥದ್ದು, ಅದನ್ನು ತಂದು ನೂಲಿನ ಒಳಗೆ ಕೂರಿಸಿದಳು, ಮಾತುಗಳನ್ನು ಕನ್ನಡದಲ್ಲಿಟ್ಟಳು, ಡಬ್ಬಿ, ಜೋಡಿಸು, ಬಿಚ್ಚು, ಓದು. ಕೂರಿಸಿದ ಮೊದಲ ದಿನವೇ ಸದ್ದು ಮುಗ್ಗರಿಸಿತು, ನುಣುಪಾದ ಸ್ವರದ ನಡುವೆ ಟಿಕ್, ಟಿಕ್, ಹಲ್ಲಿಗೆ ಸಿಕ್ಕ ಹರಳಿನಂತೆ, ಭಾಷೆ ಯೋಚಿಸಲು ನಿಂತಾಗಲೆಲ್ಲ ಸದ್ದು ಅದಕ್ಕಾಗಿ ಕಾಯುತ್ತಿತ್ತು, ವಾರಗಟ್ಟಲೆ ತಿಣುಕಿದಳು, ದಾರಿ ಕಾಣಲಿಲ್ಲ, ಕಾಲೇಜಿನ ಹುಡುಗರನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋದಾಗ ಆಣೆಕಟ್ಟಿನ ಗೇಟು ಎತ್ತುತ್ತಿದ್ದರು, ಒಬ್ಬ ಆಳು ಮೇಲೆ ಗುಂಡಿ ಒತ್ತಿ ಬೀಡಿ ಹಚ್ಚಿದ, ಕೆಳಗೆ ನೀರು ತನ್ನ ಪಾಡಿಗೆ ತಾನು ಕಾಲುವೆಗೆ ಬಿತ್ತು, ಅವನು ಬೀಡಿ ಸೇದಿದರೂ ನೀರು ನಿಲ್ಲುವುದಿಲ್ಲ, ಮಲಗಿದರೂ ನಿಲ್ಲುವುದಿಲ್ಲ — ಅಯ್ಯೋ, ಇಷ್ಟೇ, ಭಾಷೆ ಗೇಟು ಎತ್ತಲಿ ಸಾಕು, ನೀರು ಹೊರುವುದು ಬೇಡ, ಅದು ಡಬ್ಬಿ ಇಡಲಿ ಎಳೆ ಕಟ್ಟಲಿ ಪಕ್ಕಕ್ಕೆ ಸರಿಯಲಿ, ಸದ್ದು ಬೇರೆ ದಾರಿಯಲ್ಲಿ ಹರಿಯಲಿ. ಹುಡುಗರು ಐಸ್‌ಕ್ರೀಮು ತಿನ್ನುತ್ತಿದ್ದರು, ಮೇಡಮ್ ಗೋಡೆಗೆ ಆತು ನಿಂತು ನಗುತ್ತಿದ್ದರು.

ಈಗ ಬಸ್ಸಿನಲ್ಲೇ ಅವನ ಹಾಗೆ ಕಣ್ಣಿಲ್ಲದೆ ಅಭ್ಯಾಸ ಮಾಡಬೇಕು, ಪರದೆಯ ಬೆಳಕು ಪೂರ್ತಿ ತಗ್ಗಿಸಿದಳು, ಕಪ್ಪು ಗಾಜಿನಲ್ಲಿ ತನ್ನದೇ ಮುಖ, ಕಿವಿಗೆ ಇಯರ್‌ಫೋನು. ಮೀನಾ ಕಳಿಸಿದ ಕಡತ ಇದೆ, ಕಲ್ಮೇಶನ ಹಳೆಯ ಮಳೆ, ಮೊದಲು ಇದನ್ನೇ ತೆಗೆದು ತೋರಿಸಬೇಕು ಅವನಿಗೆ, ಓದು ಎಂದು ಬರೆದು ಒತ್ತಿದಳು, ದನಿ ಶುರುಮಾಡಿತು, ಗದ್ದಲದಿಂದ ಜರಡಿಗೆ, ಜರಡಿಯಿಂದ ಪ್ರತಿಧ್ವನಿಗೆ, ಪ್ರತಿಧ್ವನಿಯಿಂದ ಜರಡಿಗೆ, ಜರಡಿಯಿಂದ ಪ್ರತಿಧ್ವನಿಗೆ, ಪ್ರತಿಧ್ವನಿಯಿಂದ ಜರಡಿಗೆ — ನಿಲ್ಲುತ್ತಿಲ್ಲ. ಅವನು ಪ್ರತಿಧ್ವನಿಯ ಎಳೆಯನ್ನು ತಿರುಗಿ ಜರಡಿಗೇ ಕಟ್ಟಿದ್ದಾನೆ, ಮಳೆ ದೂರ ಹೋಗುತ್ತ ಹೋಗುತ್ತ ಕೇಳಲಿ ಎಂದು, ಎಳೆ ಹಿಡಿದು ಹೊರಟ ಓದು ಗಾಣದ ಎತ್ತಾಗಿಬಿಟ್ಟಿದೆ, ಮನೆಯಲ್ಲಿ ಪರೀಕ್ಷೆ ಮಾಡಿದ ಚಿತ್ರಗಳಲ್ಲಿ ಒಂದರಲ್ಲೂ ಸುತ್ತು ಇರಲಿಲ್ಲವಲ್ಲ, ಇಷ್ಟು ಸಣ್ಣ ವಿಷಯ, ಅವನ ಮುಂದೆ ಹೀಗಾಗಿದ್ದರೆ. ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತಿನಿಂದ ನೋಡುತ್ತಿದ್ದಾಳೆ, ಮಡಿಲಲ್ಲಿ ಕುಂಬಳಕಾಯಿ, ಹಣೆ ತುಂಬ ವಿಭೂತಿ, ಕೇಳದೆ ಇರಲಾರಳು, ಕತ್ತಲದಾಗ ಏನ ನೋಡಾಕ ಹತ್ತೀರಿ ತಂಗಿ, ನೋಡಾಕಲ್ರಿ, ಕೇಳಾಕ ಹತ್ತೇನಿ, ಏನ ಹಾಡೇನ, ಕೇಳ್ರಿ ನೀವೂ ಎಂದು ಒಂದು ಕಿವಿಯದು ತೆಗೆದು ಕೊಟ್ಟಳು. ಹೆಂಗಸು ತಲೆ ವಾರೆ ಮಾಡಿ ಕೇಳಿದಳು, ಕೇಳಿದಳು, ಕುಂಬಳಕಾಯಿಯನ್ನು ಸರಿಯಾಗಿ ಹಿಡಿದುಕೊಂಡು ಕೇಳಿದಳು, ಯಾರವ್ವ ಇಕಿ, ಒಂದ ಸವನ ಜಪಾ ಮಾಡಾಕ ಹತ್ಯಾಳ, ಇಕಿಗೆ ಸಾಕ ಅನ್ನವರು ಯಾರೂ ಇಲ್ಲೇನು. ಇಲ್ರಿ, ನಾನ ಅನ್ನಬೇಕು. ಅನ್ನ ಮತ್ತ. ಸಾಯಿಮಾ ಬೆಳಕು ಏರಿಸಿ ಕೋಡು ತೆರೆದಳು, ಬಸ್ಸು ಕುಣಿಯುತ್ತಿದೆ, ಅಕ್ಷರ ಕುಣಿಯುತ್ತಿವೆ, ಒಂದು ಸಲ ಹಾಯ್ದ ಡಬ್ಬಿಗೆ ಗುರುತು ಹಾಕಬೇಕು, ಗುರುತಿದ್ದ ಡಬ್ಬಿ ಮತ್ತೆ ಸಿಕ್ಕರೆ ಇದು ಮೊದಲು ಹೇಳಿದ್ದು ಎಂದು ಹೇಳಿ ತಿರುಗಬೇಕು, ಬರೆದಳು, ತಪ್ಪು ಕೀಲಿ, ಅಳಿಸಿದಳು, ಮುನವಳ್ಳಿಯ ಸೇತುವೆಯ ಮೇಲೆ ಹೊಳೆ ಹಸಿರಾಗಿ ಹಾದುಹೋಯಿತು, ನೋಡಲಾಗಲಿಲ್ಲ, ಬರೆದಳು, ಓದು — ಗದ್ದಲದಿಂದ ಜರಡಿಗೆ, ಜರಡಿಯಿಂದ ಪ್ರತಿಧ್ವನಿಗೆ, ಪ್ರತಿಧ್ವನಿಯಿಂದ ತಿರುಗಿ ಜರಡಿಗೆ, ಇದು ಮೊದಲು ಹೇಳಿದ್ದು, ಜರಡಿಯಿಂದ ಸ್ಪೀಕರಿಗೆ, ಮುಗಿಯಿತು. ಮುಗೀತಂತ್ರಿ ಎಂದಳು ಸಾಯಿಮಾ. ಚಲೋ ಆತು ನೋಡ, ನಾ ಅಂತೂ ಅಂಜಿದ್ದೆ, ನನ್ನ ಹೆಸರು ತಂಗೆವ್ವ ಅಂತ, ಸವದತ್ತ್ಯಾಗ ಮಗಳ ಮನಿ ಐತಿ, ಬರ್ರಿ ಒಂದ ಗುಟುಕ ಚಾ ಕುಡದ ಹೋಗ್ರಿ.

ಚಹಾಕ್ಕೆ ಹೋಗಲಾಗಲಿಲ್ಲ, ಸವದತ್ತಿಯ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು, ಓಡಿ ಹತ್ತಿದಳು, ದೇವಿಯ ಗುಡ್ಡದಿಂದ ತಿರುಗುವವರ ಅರಿಶಿನ ಮೆತ್ತಿದ ಹಣೆಗಳ ನಡುವೆ ನಿಂತು ಕಂಬಿ ಹಿಡಿದಳು, ಭಂಡಾರದ ವಾಸನೆ, ಬೆವರಿನ ವಾಸನೆ, ಯಾರದೋ ಬುಟ್ಟಿಯ ಕೋಳಿ ಕೊಕ್ಕೋ ಅನ್ನುತ್ತಿದೆ. ಅವನು ಬೇಡ ಅಂದರೆ. ಬೇಡ ಅನ್ನುವ ಹಕ್ಕು ಅವನಿಗಿದೆ, ಕಣ್ಣು ಅವನದು, ಕಿವಿ ಅವನದು, ಸಾಕಾಗಿರಬಹುದು, ತಾನು ಯಾರು ಬಿಸಿಲಲ್ಲಿ ಓಡಿ ಬಂದು ಬಾಗಿಲು ಬಡಿಯಲು, ಒಂದು ತಂತ್ರಾಂಶ ಮನುಷ್ಯನನ್ನು ಎಬ್ಬಿಸಿ ಕೂರಿಸುತ್ತದೆ ಎಂದು ನಂಬುವುದೂ ಒಂದು ನಮೂನೆಯ ಸೊಕ್ಕೇ — ಆದರೂ ಅವನ ಬೆರಳುಗಳಿಗೆ ಒಂದು ಸಲ ಕೇಳಿ ನೋಡಬೇಕು, ಅವನಿಗಲ್ಲ, ಬೆರಳುಗಳಿಗೆ. ರಾಮದುರ್ಗದ ಓಣಿಯಲ್ಲಿ ಯಂತ್ರಮಗ್ಗಗಳು ಎರಡೂ ಕಡೆ ಖಟಖಟ ಅನ್ನುತ್ತಿವೆ, ಒಂದರ ತಾಳಕ್ಕೆ ಇನ್ನೊಂದು ಸ್ವಲ್ಪ ತಡ, ನಡೆದಂತೆ ಕೂಡುತ್ತವೆ ಬಿಡುತ್ತವೆ, ಮೂಲೆ ತಿರುಗಿದಳು, ಬಾಗಿಲ ಮುಂದೆ ಸಾಮಾನಿನ ಆಟೋ ನಿಂತಿದೆ, ದೊಡ್ಡ ಸ್ಪೀಕರುಗಳೆರಡೂ ಆಗಲೇ ಏರಿವೆ, ಡ್ರೈವರ್ ಬಾಳು ಹಗ್ಗ ಬಿಗಿಯುತ್ತಿದ್ದಾನೆ. ಬಂದ್ರಿ ಎಂದಳು ಮೀನಾ, ಅಷ್ಟರಲ್ಲೇ ಎಲ್ಲವೂ ಇತ್ತು. ಪಡಸಾಲೆಯಲ್ಲಿ ಬಿಳಿ ಮೀಸೆಯ ಮುದಕಪ್ಪ ಚಹಾ ಊದುತ್ತಿದ್ದಾನೆ, ಸಾಮಾನು ಒಯ್ಯಲು ಬಂದವನ ಮುಖದಲ್ಲಿ ಹೆಣ ಮಣ್ಣು ಮಾಡಲು ಬಂದವನ ಕಳೆ, ಕಲ್ಮೇಶ ಹೊರಸಿನ ಮೇಲೆ ಗೋಡೆಗೆ ಒರಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಮುಖ ಬಾಗಿಲ ಕಡೆ ತಿರುಗಿತು, ಸಾಯಿಮಾ ಅಲ್ಲೇನು, ಇಷ್ಟ ಬಿಸಲಾಗ ಯಾಕ ಬಂದಿ. ಒಂದ ತೋರಿಸೂದಿತ್ತು ಕಲ್ಮೇಶಣ್ಣ. ತೋರಿಸೂದು ಅಂದ ಅವನು, ತೋರಿಸು ಮತ್ತ. ಅವಳು ನಾಲಿಗೆ ಕಚ್ಚಿಕೊಂಡಳು. ನನ್ನ ಮ್ಯಾಲ ಕರುಣಾ ಮಾಡಿ ಏನರ ಆಟಗಿ ಸಾಮಾನ ಮಾಡಕೊಂಡ ಬಂದಿದ್ರ ತಿರುಗಿ ಒಯ್ಯವ್ವ, ಚಾ ಕುಡಿ, ಅಮ್ಮಿ ಹೆಂಗ ಅದಾರ ಹೇಳು, ಅದನ್ನಷ್ಟ ತಗೀಬ್ಯಾಡ. ಕರುಣಾ ಅಲ್ಲ, ಟೆಸ್ಟ ಮಾಡವರು ಸಿಗವಲ್ಲರು, ಹೊಸಾದು ಮಾಡೇನಿ, ಎಲ್ಲಿ ಮುರೀತೈತಿ ನನಗ ಗೊತ್ತಿಲ್ಲ, ಬಗ್ ಹುಡಕೂದರಾಗ ನಿಮ್ಮಷ್ಟ ಕೆಟ್ಟ ಮನಿಶಾ ಇನ್ನೊಬ್ಬರಿಲ್ಲ. ಮುದಕಪ್ಪ ಚಹಾದ ಬಸಿಯೊಳಗೆ ನಕ್ಕ. ಕಲ್ಮೇಶ ನಗಲಿಲ್ಲ, ಆದರೆ ಬೇಡ ಎಂದೂ ಅನ್ನಲಿಲ್ಲ.

ಲ್ಯಾಪ್‌ಟಾಪ್ ಅವನ ತೊಡೆಯ ಮೇಲಿಟ್ಟಳು, ತಾನೇ ಒತ್ತಿದಳು, ಓದು — ಗದ್ದಲದಿಂದ ಜರಡಿಗೆ, ಜರಡಿಯಿಂದ ಪ್ರತಿಧ್ವನಿಗೆ, ಪ್ರತಿಧ್ವನಿಯಿಂದ ತಿರುಗಿ ಜರಡಿಗೆ, ಇದು ಮೊದಲು ಹೇಳಿದ್ದು. ಅವನ ಕುತ್ತಿಗೆ ಮುಂದೆ ಬಂತು. ಇದು ನನ್ನ ಮಳಿ. ಹೌದು. ಇನ್ನೊಮ್ಮೆ ಓದಸು. ಓದಿಸಿದಳು, ಮಗ್ಗಗಳ ಖಟಖಟದ ನಡುವೆ ಆ ಯಂತ್ರದ ದನಿ ಅವನ ಚಿತ್ರವನ್ನು ಒಂದೊಂದು ಎಳೆಯಾಗಿ ಹೇಳಿತು, ಅವನು ಕಣ್ಣು ಮುಚ್ಚಿಕೊಂಡ, ಮುಚ್ಚುವುದರಿಂದ ಈಗ ಏನೂ ಬದಲಾಗುವುದಿಲ್ಲ, ಆದರೂ ಮುಚ್ಚಿಕೊಂಡ, ತುಟಿ ಅಲುಗುತ್ತಿತ್ತು, ಆ ಜರಡಿ ತಪ್ಪೈತಿ ಎಂದ, ಅವಾಗ ಅವಸರ ಅವಸರ ಮಾಡಿದ್ದೆ, ಅದರ ಕಣ್ಣ ಇನ್ನೂ ಸಣ್ಣದಾಗಬೇಕಿತ್ತು, ತಗಡಿನ ಮ್ಯಾಲ ಬೀಳೂ ಮಳಿ ಹಿಂಗ ಗೊಗ್ಗರ ಇರೂದಿಲ್ಲ. ತಿದ್ದಬಹುದು, ಬರೀರಿ. ಹೆಂಗ. ಅವಳು ಹೇಳಿಕೊಟ್ಟಳು, ಅವನ ಎರಡೂ ತೋರುಬೆರಳುಗಳು ಕೀಲಿಗಳ ಮೇಲೆ ಸರಿದಾಡಿ ಎರಡು ಕೀಲಿಗಳ ಮೇಲಿನ ಉಬ್ಬು ಗೆರೆಗಳನ್ನು ಹುಡುಕಿದವು, ಬೆರಳು ಮನೆ ಹುಡುಕುವ ಗೆರೆ, ಅಕ್ಕಿಯ ನುಚ್ಚಿಗಿಂತ ಸಣ್ಣದು, ಸಿಕ್ಕಿತು, ಅಲ್ಲಿ ನಿಂತವು, ಉಳಿದ ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಇಳಿದವು. ಬರೆದ. ಒತ್ತಿದ. ಲ್ಯಾಪ್‌ಟಾಪಿನ ಪುಟ್ಟ ಬಾಯಿಂದ ಮಳೆ ಬಂತು, ಸಣ್ಣಗೆ, ಹಾಂ ಹಿಂಗ, ಹಿಂಗ ಇರಬೇಕಿತ್ತು — ಮತ್ತೆ ಗೆರೆಯ ಮೇಲೆ ಬೆರಳು. ಸಾಯಿಮಾ, ಇದರಾಗ ನೂರ ಸಲಾ ಅಂತ ಹೇಳಬಹುದೇನು. ಏನನ್ನ. ಯಾವುದನ್ನರ, ಒಂದ ಡಬ್ಬಿ ಮಾಡಿ, ಇಂಥಾವು ನೂರ ಇಡು ಅಂತ. ಹೇಳಬಹುದು, ಒಂದ ಸಾಲು. ಅವನು ಮುಖ ಎತ್ತಿದ, ಗೋಡೆಯ ಕಡೆ, ಮುದಕಪ್ಪನವರ, ಮೂರನೇ ಅಂಕದಾಗ ಜ್ವಾಳದ ಹೊಲದಾಗ ಗುಂಡ ಹಾರತೈತಲ್ಲ. ಹಾರತೈತಿ. ಗಿಳಿ ಏಳತಾವಲ್ಲ. ಏಳತಾವ, ಚಲೋನ ಏಳತಾವ. ಏನ ಚಲೋ, ಐದ ಗಿಳಿ, ಎಳದ ಎಳದ ಕೈ ಸೋತ ಐದಕ್ಕ ಬಿಟ್ಟಿದ್ದೆ, ಐದ ಗಿಳಿ ಎದ್ರ ಅದು ಯಾರ ಹೊಲಾರೀ, ಯಾರ ತೆಂಗಿನ ಪರಟಿನ್ಯಾಗಿನ ಜ್ವಾಳ ಅದು. ಮೀನಾ, ಒಂದ ಸ್ಪೀಕರ ಇಳಸಾಕ ಹೇಳು. ಮೀನಾ ಮುದಕಪ್ಪನ ಮುಖ ನೋಡಿದಳು, ಮುದಕಪ್ಪ ಬಸಿಯಿಂದ ಮುಖ ಎತ್ತಿದ, ಬಾಳೂ, ಒಂದ ಇಳಸಪಾ, ಕೇಳಿಯರ ನೋಡೂಣು.

ಈಗ ಅವಳಿಗೆ ಮಾಡುವುದೇನೂ ಉಳಿದಿಲ್ಲ, ಬಾಗಿಲ ಬಳಿ ನಿಂತಿದ್ದಾಳೆ, ಬಾಳು ತಂದ ಸ್ಪೀಕರಿಗೆ ಕಲ್ಮೇಶನೇ ತಡಕಿ ತಂತಿ ಸಿಕ್ಕಿಸಿದ, ಕೂತ, ಬೆರಳು ಗೆರೆ ಹುಡುಕಿತು, ಬರೆದ, ಒತ್ತಿದ, ಮೂರನೆಯ ಸಾಲಿನಲ್ಲಿ ತಪ್ಪು, ಮುಗಿಸುವ ಮಾತು ಇಲ್ಲ, ಎಂದಿತು ದನಿ. ಮುಗಸೂದ ಮರತೇನಿ, ತಡಿ. ಹೇಳಲೇ ಎಂದು ಸಾಯಿಮಾ ಬಾಯಿ ತೆರೆದಳು, ಮೀನಾ ಅವಳ ಮೊಣಕೈ ಹಿಡಿದಳು, ಬೇಡ. ಮತ್ತೆ ಬರೆದ, ಒತ್ತಿದ, ನೂರು ಗಿಳಿಗಳೂ ಒಂದೇ ಏಟಿಗೆ ಕಿರುಚಿದವು, ಗೋಡೆಯ ಮೊಳೆಯಲ್ಲಿದ್ದ ಕ್ಯಾಲೆಂಡರು ಅದುರಿತು, ಮುದಕಪ್ಪನ ಪಂಚೆಯ ಮೇಲೆ ಚಹಾ, ಏನಪಾ ಇದು ರೈಲ ಬಂತೇನು, ಕಲ್ಮೇಶ ನಕ್ಕುಬಿಟ್ಟ, ಜೋರಾಗಿ, ಕಿತ್ತೂರಿನಲ್ಲಿ ನಗುತ್ತಿದ್ದ ಹಾಗೆ, ನಗುತ್ತಲೇ ಬರೆದ, ಒಂದೊಂದಕ್ಕ ಒಂದೊಂದ ಗಂಟಲ ಕೊಡಬೇಕು, ಒಂದೊಂದು ಒಂದೊಂದ ಹೊತ್ತಿಗೆ ಏಳಬೇಕು, ಮದಲ ಒಂದು ಅಂಜಿ ಏಳತೈತಿ, ಅದನ್ನ ನೋಡಿ ಉಳದಾವು — ಇದನ್ನು ಅವಳು ಅವನಿಗೆ ಹೇಳಿಕೊಟ್ಟಿಲ್ಲ, ಯಾರಿಗೂ ಹೇಳಿಕೊಟ್ಟಿಲ್ಲ, ಹೀಗೂ ಆಗುತ್ತದೆ ಎಂದು ಕಟ್ಟಿದವಳಿಗೇ ಗೊತ್ತಿರಲಿಲ್ಲ, ಪರದೆಯ ಮೇಲೆ ಡಬ್ಬಿಗಳು ತಾವಾಗಿ ಹುಟ್ಟುತ್ತಿವೆ, ಸಾಲು ಸಾಲು, ಎಳೆಗಳು ತಾವಾಗಿ ಹೋಗಿ ಕಟ್ಟಿಕೊಳ್ಳುತ್ತಿವೆ, ಅಮ್ಮಿ ಬಂದು ಹಿಡಿದರೂ ಇವು ಅವಳ ದಾರವೇ, ಅವನು ಅದನ್ನು ನೋಡುತ್ತಿಲ್ಲ, ನೋಡಲಾರ, ಹೋದ ನೋಟ ಬರುವುದೂ ಇಲ್ಲ, ಆ ಡಾಕ್ಟರು ಹೇಳಿದ್ದು ನಿಜ, ಅದು ಹಾಗೇ ಇರುತ್ತದೆ. ಒತ್ತಿದ. ಒಂದು ಗಿಳಿ. ಆಮೇಲೆ ಎರಡು. ಆಮೇಲೆ ಪಡಸಾಲೆಯ ಈ ತುದಿಯಿಂದ ಒಂದು ಹೊಲವೇ ಎದ್ದಿತು, ರೆಕ್ಕೆ, ಕಿರುಚು, ರೆಕ್ಕೆ, ಕೆಲವು ಹಿಂದೆ ಉಳಿದವು, ಉಳಿದವೂ ಎದ್ದವು, ಜಂತಿಯ ಮೇಲೆ ಹಾದು ಅಂಗಳಕ್ಕೆ ದಾಟಿ ತೆಳ್ಳಗಾಗಿ ದೂರವಾಗಿ ಹೋದವು, ಮುದಕಪ್ಪ ತಲೆ ಎತ್ತಿ ಛಾವಣಿ ನೋಡುತ್ತಿದ್ದ, ನೋಡಿದ್ದು ತನಗೇ ತಿಳಿದು ಕೆಳಗಿಳಿಸಿದ, ಮೀಸೆ ಒರೆಸಿಕೊಂಡ, ಬಾಗಿಲ ಕಡೆ ತಿರುಗಿ ಮೆಲ್ಲಗೆ ಹೇಳಿದ, ಬಾಳೂ, ಇನ್ನೊಂದನ್ನೂ ಇಳಸು, ಹಗ್ಗಾ ಬಿಚ್ಚು. ಮೀನಾ ಮೊಣಕೈ ಬಿಟ್ಟಿರಲಿಲ್ಲ, ಓಣಿಯ ಮಗ್ಗಗಳು ನಡೆದೇ ಇದ್ದವು, ಸಾಯಿಮಾ ಏನೋ ಹೇಳಬೇಕೆಂದುಕೊಂಡಳು, ಜೋಡಿಸುವ ಮಾತಿನಲ್ಲಿ ಇನ್ನೊಂದು ತೊಡಕಿದೆ ಎಂದೋ, ಅಮ್ಮಿ ರೊಟ್ಟಿ ಕಟ್ಟಿ ಕಳಿಸಿದ್ದಾಳೆ ಎಂದೋ, ಆದರೆ ಅವನು ಆಗಲೇ ಮುಂದಿನ ಸಾಲಿಗೆ ಇಳಿದಿದ್ದಾನೆ, ಇನ್ನೂ ಬರೆದಿಲ್ಲ, ಯೋಚಿಸುತ್ತಿದ್ದಾನೆ, ತಲೆ ಒಂದಿಷ್ಟು ವಾರೆ, ಬೆರಳ ತುದಿ ಆ ಗೆರೆಯ ಮೇಲೆ, ಕಪ್ಪು ಕೀಲಿಯ ಮೇಲಿನ ಅಷ್ಟು ಸಣ್ಣ ಉಬ್ಬು, ಅದರ ಮೇಲೆ ಬೆರಳು, ಬೆರಳು, ಆ ಗೆರೆಯ ಮೇಲೆ.